ಕಬ್ಬಿನ ಟ್ರೇಲರ್ ಎಳೆಯಲು ಹಳೆಯ ಟ್ರ್ಯಾಕ್ಟರ್: ಹಿಂಭಾಗ ನೋಡಿ ಕೊಳ್ಳಿ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಟ್ರ್ಯಾಕ್ಟರಿನ ಟೈರು, ಟ್ಯೂಬುಗಳ ಮೇಲಿನ ತೆರಿಗೆಯೂ ಶೇ 18ರಿಂದ ಶೇ 5ಕ್ಕೆ ಬಂದಿದೆ. ತೆರಿಗೆ ಬಿಟ್ಟು 7 ಲಕ್ಷ ರೂಪಾಯಿ ಬೆಲೆಯಿರುವ ಹೊಸ ಟ್ರ್ಯಾಕ್ಟರಿಗೆ ಮೊದಲು 7.84 ಲಕ್ಷ ಕೊಡಬೇಕಿತ್ತು, ಈಗ 7.35 ಲಕ್ಷ. ಹೊಸದರ ಬೆಲೆ ಸುಮಾರು ಅರ್ಧ ಲಕ್ಷ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಬೇಕಾದದ್ದು ನ್ಯಾಯ. ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಕಬ್ಬಿನ ಹಂಗಾಮು ಹತ್ತಿರವಾಗುತ್ತಿದ್ದಂತೆ ಹಳೆಯ ಟ್ರ್ಯಾಕ್ಟರ್ ಹುಡುಕುವವರು ಹೆಚ್ಚುತ್ತಾರೆ. ಅವರಲ್ಲಿ ಅನೇಕರಿಗೆ ಉಳುವ ಅನುಭವ ಇರುತ್ತದೆ, ತುಂಬಿದ ಟ್ರೇಲರ್ ಎಳೆಯುವ ಅನುಭವ ಇರುವುದಿಲ್ಲ. ಇವೆರಡೂ ಬೇರೆ ಬೇರೆ ಕೆಲಸ. ಈ ಲೇಖನ ಎರಡನೆಯದಕ್ಕೆ ಸಂಬಂಧಿಸಿದ್ದು.

ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತುತ್ತಾರೆ, ಎಂಜಿನ್ ಸದ್ದು ಕೇಳುತ್ತಾರೆ, ಹೊಗೆ ನೋಡುತ್ತಾರೆ. ಅದು ತಪ್ಪಲ್ಲ. ಆದರೆ ಭಾರ ಎಳೆಯುವ ಗಾಡಿಯಲ್ಲಿ ಹೆಚ್ಚು ಸವೆಯುವುದು ಎಂಜಿನ್ನಿನ ಹಿಂದಿರುವ ಭಾಗಗಳು: ಕ್ಲಚ್, ಗೇರ್ ಬಾಕ್ಸ್, ಕ್ರೌನ್ (ಹಿಂಚಕ್ರಗಳ ಕಡೆಗೆ ಶಕ್ತಿ ತಿರುಗಿಸುವ ದೊಡ್ಡ ಹಲ್ಲಿನ ಚಕ್ರ), ಬ್ರೇಕು, ಟ್ರೇಲರ್ ಸಿಕ್ಕಿಸುವ ಕೊಂಡಿ. ಆದ್ದರಿಂದ ಹಿಂದಿನಿಂದ ಮುಂದಕ್ಕೆ ನೋಡುತ್ತಾ ಬರುವುದು ಒಳ್ಳೆಯದು.

ಎಳೆಯುವುದು ಎಂದರೆ ಏನಾಗುತ್ತದೆ?

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಟ್ರ್ಯಾಕ್ಟರ್ 2 ಟನ್, ಖಾಲಿ ಟ್ರೇಲರ್ 2 ಟನ್, ಅದರಲ್ಲಿ ಕಬ್ಬು 8 ಟನ್. ಒಟ್ಟು 12 ಟನ್. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಇಷ್ಟನ್ನು ಉರುಳಿಸಲು ಒಟ್ಟು ತೂಕದ ಸುಮಾರು ಶೇ 2ರಷ್ಟು ಎಳೆತ ಸಾಕು, ಅಂದರೆ 240 ಕಿಲೋ. ನೂರು ಅಡಿ ಸಾಗಿದರೆ ಐದು ಅಡಿ ಏರುವ ದಿಬ್ಬ ಎದುರಾದರೆ ಅದರ ಮೇಲೆ ಇನ್ನೂ 600 ಕಿಲೋ ಸೇರಿ 840 ಆಗುತ್ತದೆ. ಕಟಾವು ಮುಗಿದ ಹಸಿ ಗದ್ದೆಯಲ್ಲಿ ಚಕ್ರ ಹೂತರೆ ಬೇಕಾದ ಎಳೆತ ಒಟ್ಟು ತೂಕದ ಶೇ 10ನ್ನೂ ದಾಟಬಹುದು, ಅಂದರೆ 1,200 ಕಿಲೋಗೂ ಹೆಚ್ಚು. ಒಂದೇ ಟ್ರೇಲರ್, ಒಂದೇ ಹೊರೆ. ರಸ್ತೆಯಿಂದ ಗದ್ದೆಗೆ ಇಳಿದೊಡನೆ ಶ್ರಮ ಐದು ಪಟ್ಟು.

ಇಲ್ಲಿ ಎಚ್‌ಪಿ, ಅಂದರೆ ಎಂಜಿನ್ನಿನ ಶಕ್ತಿಯ ಅಳತೆ, ಎಲ್ಲಿ ಬರುತ್ತದೆ? ಆ 840 ಕಿಲೋ ಎಳೆತದ ದಿಬ್ಬವನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು ಚಕ್ರದ ಬಳಿ ಸುಮಾರು 31 ಎಚ್‌ಪಿ ಬೇಕು. ವೇಗ 20 ಬೇಕೆಂದರೆ 62 ಎಚ್‌ಪಿ. ಎಂಜಿನ್ನಿನಿಂದ ಚಕ್ರದವರೆಗೆ ಬರುವಷ್ಟರಲ್ಲಿ ಶಕ್ತಿಯ ಒಂದು ಪಾಲು ಗೇರುಗಳಲ್ಲೇ ಸೋರಿಹೋಗುತ್ತದೆ. ಹಾಗಾಗಿ 45 ಎಚ್‌ಪಿಯ ಟ್ರ್ಯಾಕ್ಟರ್ ಆ ದಿಬ್ಬವನ್ನು ಕಡಿಮೆ ಗೇರಿನಲ್ಲಿ ನಿಧಾನವಾಗಿ ಹತ್ತಬಲ್ಲದು, ಅವಸರದಲ್ಲಿ ಹತ್ತಲಾರದು. ದಿಬ್ಬ ಎಷ್ಟು ಬೇಗ ಹತ್ತಬಹುದು ಎಂಬುದನ್ನು ಎಚ್‌ಪಿ ಹೇಳುತ್ತದೆ. ಹತ್ತಬಲ್ಲದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಗೇರು ಮತ್ತು ಹಿಂದಿನ ಚಕ್ರಗಳ ಮೇಲೆ ಬಿದ್ದಿರುವ ತೂಕ. ತೂಕ ಸಾಲದಿದ್ದರೆ ಎಂಜಿನ್ನಿನಲ್ಲಿ ಎಷ್ಟೇ ಶಕ್ತಿ ಇದ್ದರೂ ಚಕ್ರ ನಿಂತಲ್ಲೇ ತಿರುಗುತ್ತದೆ. ಹಿಂದಿನ ಟೈರಿಗೆ ನೀರು ತುಂಬಿಸುವುದು, ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟುವುದು ಇದಕ್ಕಾಗಿಯೇ.

ಇಲ್ಲಿ ಹಿಡಿದ 8 ಟನ್ ಕೇವಲ ಲೆಕ್ಕದ ಅಂಕಿ. ನಿಮ್ಮ ಟ್ರೇಲರಿಗೆ ಎಷ್ಟು ಹೊರೆಯ ಅನುಮತಿ ಇದೆ ಎಂಬುದು ಅದರ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ ಇರುತ್ತದೆ.

ಗದ್ದೆಯಲ್ಲಿ ದುಡಿದದ್ದೋ, ರಸ್ತೆಯಲ್ಲಿ ದುಡಿದದ್ದೋ?

ಗಂಟೆ ತೋರಿಸುವ ಮೀಟರನ್ನೇ ನಂಬಬೇಡಿ. ಅದು ಎಂಜಿನ್ನಿನ ಸುತ್ತುಗಳನ್ನು ಎಣಿಸಿ ಗಂಟೆಯ ಲೆಕ್ಕ ಕೊಡುತ್ತದೆ. ಹಳೆಯ ಗಾಡಿಗಳಲ್ಲಿ ಕೇಬಲ್ ಕಿತ್ತರೆ ಮೀಟರ್ ನಿಂತೇ ಹೋಗುತ್ತದೆ. 2,000 ಗಂಟೆ ಎಂದು ತೋರಿಸುವ ಗಾಡಿಯ ಕ್ಲಚ್ ಪೆಡಲ್ ನುಣ್ಣಗೆ ಸವೆದು ಹೊಳೆಯುತ್ತಿದ್ದರೆ, ಸ್ಟೀರಿಂಗ್ ಕಾಲು ಸುತ್ತು ತಿರುಗಿದ ಮೇಲಷ್ಟೇ ಚಕ್ರ ಅಲುಗಿದರೆ ಮೀಟರ್ ಹೇಳುವುದು ಪೂರ್ತಿ ಕತೆಯಲ್ಲ.

ಮುಖ್ಯವಾಗಿ ತಿಳಿಯಬೇಕಾದದ್ದು ಟ್ರ್ಯಾಕ್ಟರ್ ಯಾವ ಕೆಲಸ ಮಾಡುತ್ತಿತ್ತು ಎಂಬುದು. ನಮ್ಮ ನಾಲಾ ಬಯಲಿನಲ್ಲಿ ಭತ್ತದ ಕೆಸರು ಮಾಡಿದ ಟ್ರ್ಯಾಕ್ಟರ್‌ಗಳು ಬಹಳ. ಕಬ್ಬಿಣದ ಚಕ್ರ ಹಾಕಿ ಮೊಣಕಾಲುದ್ದದ ನೀರಿನಲ್ಲಿ ಓಡಿಸಿದಾಗ ಮುಂಚಕ್ರದ ಹಬ್, ಹಿಂದಿನ ಆಕ್ಸಲ್ ಇವುಗಳ ಎಣ್ಣೆ ಸೀಲುಗಳ ಮೂಲಕ ಕೆಸರು ಒಳಗೆ ಹೋಗುತ್ತದೆ. ಬೇರಿಂಗ್ ಹಾಳಾಗುವುದು ಅಲ್ಲಿಂದ. ಕೆಸರಿನಲ್ಲಿ ದುಡಿದ ಗಾಡಿಯ ಗುರುತು ಹುಡುಕಲು ಗೇರ್ ಬಾಕ್ಸಿನ ಎಣ್ಣೆ ನೋಡಿ. ಅದು ಹಾಲು ಬೆರೆಸಿದಂತೆ ಬಿಳುಪಾಗಿದ್ದರೆ ನೀರು ಸೇರಿದೆ. ಹಿಂಚಕ್ರದ ಒಳಮೈಯಲ್ಲಿ ಎಣ್ಣೆ ಸೋರಿ ಮಣ್ಣು ಮೆತ್ತಿಕೊಂಡಿದ್ದರೆ ಆಕ್ಸಲ್ ಸೀಲು ಹೋಗಿದೆ. ಹಿಂಚಕ್ರವನ್ನು ಜಾಕ್ ಮೇಲೆ ಎತ್ತಿ ಎರಡೂ ಕೈಯಿಂದ ಅಲ್ಲಾಡಿಸಿ ನೋಡಿ. ಆಡಿದರೆ ಬೇರಿಂಗ್ ಕೆಲಸ ಕಾದಿದೆ.

ರಸ್ತೆಯಲ್ಲಿ ದುಡಿದ ಗಾಡಿಯ ಗುರುತು ಬೇರೆ. ಹಿಂದಿನ ಟೈರಿನ ಗಟ್ಟುಗಳು ನಡುಭಾಗದಲ್ಲಿ ಹೆಚ್ಚು ಸವೆದಿರುತ್ತವೆ. ಕೊಂಡಿಯ ತೂತು ದುಂಡಗೆ ಉಳಿಯದೆ ಉದ್ದವಾಗಿರುತ್ತದೆ. ಮರಳು, ಕಲ್ಲು ಸಾಗಿಸಿದ ಗಾಡಿಯಾದರೆ ಕೊಂಡಿಯ ಸುತ್ತ ವೆಲ್ಡಿಂಗ್ ಮಾಡಿದ ಕಲೆಗಳೂ ಇರಬಹುದು. ಒಂದು ಟ್ರ್ಯಾಕ್ಟರ್ ಈಗಾಗಲೇ ಭಾರ ಎಳೆದಿದೆ ಎಂಬ ಕಾರಣಕ್ಕೆ ಬಿಟ್ಟುಬಿಡಬೇಕಿಲ್ಲ. ಆದರೆ ಆ ಸವೆತಕ್ಕೆ ತಕ್ಕ ಬೆಲೆಯನ್ನಷ್ಟೇ ಕೊಡಬೇಕು.

ಕೊಂಡಿ ಎಷ್ಟು ಎತ್ತರದಲ್ಲಿದೆ?

ಇದನ್ನು ನೋಡದೆ ಬಿಡುವವರೇ ಹೆಚ್ಚು, ಆದರೆ ಪ್ರಾಣಕ್ಕೆ ಸಂಬಂಧಿಸಿದ ವಿಷಯ ಇದು. ಟ್ರೇಲರ್ ಸಿಕ್ಕಿಸುವ ಜಾಗ ಹಿಂಚಕ್ರದ ಆಕ್ಸಲಿಗಿಂತ ಕೆಳಗೆ ಇರಬೇಕು. ಆಕ್ಸಲಿಗಿಂತ ಮೇಲೆ ಕೊಂಡಿ ಹಾಕಿದರೆ, ಭಾರ ಹಿಂದಕ್ಕೆ ಜಗ್ಗಿದಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಗದ್ದೆಯಿಂದ ನಾಲೆ ಏರಿ ಹತ್ತುವಾಗ ಒಮ್ಮೆಲೇ ಕ್ಲಚ್ ಬಿಟ್ಟರೆ ಟ್ರ್ಯಾಕ್ಟರ್ ಹಿಮ್ಮುಖವಾಗಿ ಚಾಲಕನ ಮೇಲೆಯೇ ಮಗುಚಬಹುದು. ಯಾರಾದರೂ ಕೊಂಡಿಯನ್ನು ಮೇಲಕ್ಕೆ ಬದಲಾಯಿಸಿದ್ದಾರೆಯೇ, ಕಂಪನಿಯ ಕೊಂಡಿ ತೆಗೆದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು ಹಾಕಿದ್ದಾರೆಯೇ ಎಂದು ನೋಡಿ. ನೇಗಿಲಿನಂಥ ಉಪಕರಣ ಕಟ್ಟುವ ಮೂರು ಕೊಂಡಿಯ ಲಿಂಕೇಜಿನ ಮೇಲಿನ ತೋಳಿಗೆ ಸರಪಳಿ ಕಟ್ಟಿ ಎಳೆಯುತ್ತಿದ್ದರೆ, ಆ ಪದ್ಧತಿಯನ್ನು ಗಾಡಿಯ ಜೊತೆಗೆ ಮನೆಗೆ ತರಬೇಡಿ.

ಟ್ರೇಲರಿನ ಹೊರೆ ಎಲ್ಲಿ ಕೂರುತ್ತದೆ ಎಂಬುದೂ ಇದಕ್ಕೆ ಸೇರಿದ್ದೇ. ಎತ್ತಿನ ಗಾಡಿಗೆ ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕುತ್ತಿಗೆಯಿಂದ ಏಳುತ್ತದಲ್ಲ, ಎರಡು ಚಕ್ರದ ಟ್ರೇಲರಿನಲ್ಲೂ ಹಾಗೆಯೇ. ಹೊರೆ ಆಕ್ಸಲಿನ ಹಿಂದಕ್ಕೆ ಜರುಗಿದರೆ ಕೊಂಡಿ ಮೇಲಕ್ಕೆ ಎಳೆಯುತ್ತದೆ, ಟ್ರ್ಯಾಕ್ಟರಿನ ಹಿಂಚಕ್ರ ಹಗುರವಾಗಿ ಹಿಡಿತ ತಪ್ಪುತ್ತದೆ. ತೀರಾ ಮುಂದೆ ಹೇರಿದರೆ ಕೊಂಡಿಯ ಮೇಲೆ ಭಾರ ಹೆಚ್ಚಾಗಿ ಟ್ರ್ಯಾಕ್ಟರಿನ ಮುಂಚಕ್ರ ಹಗುರವಾಗುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಆಕ್ಸಲಿಗಿಂತ ಸ್ವಲ್ಪ ಮುಂದಕ್ಕೆ ಹೆಚ್ಚು ತೂಕ ಇರುವಂತೆ ಹೇರುವುದು ಸರಿ.

ಕ್ಲಚ್, ಗೇರು, ಕ್ರೌನ್

ಎಂಜಿನ್ನಿನ ತಿರುಗುವ ಶಕ್ತಿಯನ್ನು ಗೇರುಗಳಿಗೆ ಜೋಡಿಸುವುದೂ ಬಿಡಿಸುವುದೂ ಕ್ಲಚ್ಚಿನ ಕೆಲಸ. ತುಂಬಿದ ಟ್ರೇಲರನ್ನು ನಿಂತಲ್ಲಿಂದ ಹೊರಡಿಸುವ ಪ್ರತಿ ಸಲವೂ ಅದರ ಪ್ಲೇಟು ಉಜ್ಜಿ ಬಿಸಿಯಾಗಿ ಸವೆಯುತ್ತದೆ. ಕಾರ್ಖಾನೆ ಮುಂದೆ ಸಾಲಿನಲ್ಲಿ ನಿಂತು ಗಂಟೆಗಟ್ಟಲೆ ಒಂದೊಂದೇ ಗಾಡಿಯಷ್ಟು ಮುಂದೆ ಸರಿಯುವ ಕಬ್ಬಿನ ಟ್ರ್ಯಾಕ್ಟರಿಗೆ ಈ ಸವೆತ ಇನ್ನೂ ಹೆಚ್ಚು.

ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಂತೆ ನೋಡಿಕೊಂಡು, ಬ್ರೇಕ್ ಗಟ್ಟಿಯಾಗಿ ಒತ್ತಿ, ದೊಡ್ಡ ಗೇರು ಹಾಕಿ, ನಿಧಾನವಾಗಿ ಕ್ಲಚ್ ಬಿಡಿ. ಎಂಜಿನ್ ಉಸಿರುಗಟ್ಟಿ ನಿಂತರೆ ಕ್ಲಚ್ ಹಿಡಿಯುತ್ತಿದೆ. ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಕ್ಲಚ್ ಪ್ಲೇಟಿನ ಬೆಲೆಯನ್ನಷ್ಟೇ ಕೇಳಿ ಸಮಾಧಾನಪಡಬೇಡಿ. ಅದನ್ನು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಕೂಲಿಯೂ ಸೇರುತ್ತದೆ, ಹಂಗಾಮಿನ ನಡುವೆ ಗಾಡಿ ನಿಂತರೆ ಬಾಡಿಗೆಯೂ ಹೋಗುತ್ತದೆ.

ಗೇರ್ ಬಾಕ್ಸಿನ ದೋಷ ಖಾಲಿ ಗಾಡಿಯಲ್ಲಿ ಕಾಣುವುದಿಲ್ಲ. ಮಾರುವವರ ಅಂಗಳದಲ್ಲಿ ಒಂದು ಸುತ್ತು ಹೊಡೆದು ತೃಪ್ತಿಪಟ್ಟರೆ ಏನನ್ನೂ ನೋಡಿದಂತೆ ಆಗುವುದಿಲ್ಲ. ತುಂಬಿದ ಟ್ರೇಲರ್ ಸಿಕ್ಕಿಸಿ ಒಂದು ಏರು, ಒಂದು ಇಳಿಜಾರು ಓಡಿಸಲೇಬೇಕು. ಸವೆದ ಗೇರು ಭಾರ ಬಿದ್ದಾಗ ತಾನಾಗಿ ಜಾರಿ ನ್ಯೂಟ್ರಲಿಗೆ ಬರುತ್ತದೆ. ಏರಿನಲ್ಲಿ ಹೀಗಾದರೆ ಟ್ರೇಲರ್ ಹಿಂದಕ್ಕೆ ಎಳೆದೊಯ್ಯುತ್ತದೆ. ಇಳಿಜಾರಿನಲ್ಲಾದರೆ ಎಂಜಿನ್ನಿನ ತಡೆ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಯಾವ ಗೇರು ಜಾರಿದರೂ ಅದು ಚೌಕಾಸಿಯ ವಿಷಯವಲ್ಲ, ದುರಸ್ತಿಯಾಗುವವರೆಗೆ ಗಾಡಿ ಮುಟ್ಟಬಾರದು.

ಕ್ರೌನ್ ಎಂದು ಮೆಕ್ಯಾನಿಕ್‌ಗಳು ಕರೆಯುವುದು ಗೇರ್ ಬಾಕ್ಸಿನಿಂದ ಉದ್ದಕ್ಕೆ ಬರುವ ತಿರುಗುವಿಕೆಯನ್ನು ಅಡ್ಡಕ್ಕೆ, ಅಂದರೆ ಎರಡು ಹಿಂಚಕ್ರಗಳ ಕಡೆಗೆ ತಿರುಗಿಸುವ ದೊಡ್ಡ ಹಲ್ಲಿನ ಚಕ್ರವನ್ನು. ಅದರ ಜೊತೆ ಕೂರುವ ಚಿಕ್ಕದು ಪಿನಿಯನ್. ಭಾರ ಎಳೆಯುವಾಗ ಊಳಿಡುವಂಥ ಸದ್ದು ಬಂದು, ಆಕ್ಸಿಲರೇಟರ್ ಬಿಟ್ಟೊಡನೆ ಆ ಸದ್ದು ಬದಲಾದರೆ ಇವುಗಳ ಹಲ್ಲು ಸವೆದಿರುವ ಸಂಭವ ಹೆಚ್ಚು. ಮಾಲೀಕರು ಒಪ್ಪಿದರೆ ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿಸಿ ಒಂದಿಷ್ಟು ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ನುಣುಪಾದ ಬೂದು ಪುಡಿ ಸ್ವಲ್ಪ ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರುಗಳು ಸಹಜವಲ್ಲ.

ನಿಲ್ಲಿಸುವ ಶಕ್ತಿ

ಎಳೆಯುವುದಕ್ಕಿಂತ ನಿಲ್ಲಿಸುವುದು ದೊಡ್ಡದು. ನಮ್ಮ ಕಡೆಯ ಬಹುಪಾಲು ಕಬ್ಬಿನ ಟ್ರೇಲರ್‌ಗಳಲ್ಲಿ ಕೆಲಸ ಮಾಡುವ ಬ್ರೇಕು ಇರುವುದಿಲ್ಲ. 12 ಟನ್ ತೂಕವನ್ನು 2 ಟನ್ ಟ್ರ್ಯಾಕ್ಟರಿನ ಎರಡು ಹಿಂಚಕ್ರಗಳು ತಡೆಯಬೇಕು. ಅಷ್ಟು ತಡೆಯಲಾಗದಿದ್ದಾಗ ಹಿಂದಿನ ಟ್ರೇಲರ್ ತಳ್ಳುತ್ತಾ ಬಂದು ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ. ಪಕ್ಕದಲ್ಲಿ ತಡೆಗೋಡೆ ಇಲ್ಲದ ನಾಲೆ ಇದ್ದರೆ ಏನಾಗುತ್ತದೆಂದು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಟ್ರ್ಯಾಕ್ಟರಿಗೆ ಎಡ, ಬಲ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲ್ ಇರುತ್ತವೆ. ಉಳುವಾಗ ಬದುವಿನ ಬಳಿ ಒಂದು ಚಕ್ರ ತಡೆದು ಗಾಡಿ ತಿರುಗಿಸಲು ಅನುಕೂಲ. ರಸ್ತೆಗೆ ಬಂದಾಗ ಎರಡೂ ಪೆಡಲುಗಳನ್ನು ಜೋಡಿಸುವ ಕೊಕ್ಕೆ ಹಾಕಲೇಬೇಕು. ಹಾಕದೆ ಒಂದನ್ನೇ ಒತ್ತಿದರೆ ಗಾಡಿ ಸರ್ರನೆ ಪಕ್ಕಕ್ಕೆ ತಿರುಗುತ್ತದೆ. ಹಳೆಯ ಗಾಡಿಗಳಲ್ಲಿ ಆ ಕೊಕ್ಕೆಯೇ ಮುರಿದುಹೋಗಿರುವುದು ಸಾಮಾನ್ಯ. ಕೊಕ್ಕೆ ಹಾಕಿ, ಖಾಲಿ ರಸ್ತೆಯಲ್ಲಿ ಓಡಿಸಿ ಒಮ್ಮೆ ಬ್ರೇಕ್ ಒತ್ತಿ, ಎರಡೂ ಚಕ್ರಗಳು ಸಮನಾಗಿ ಹಿಡಿಯುತ್ತವೆಯೇ ನೋಡಿ. ಒಂದು ಕಡೆಗೆ ಎಳೆದರೆ ಆ ಕಡೆಯದ್ದು ಹೆಚ್ಚು ಹಿಡಿಯುತ್ತಿದೆ ಅಥವಾ ಇನ್ನೊಂದು ಕಡೆಯದ್ದು ಸವೆದಿದೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕು ಇರುವ ಗಾಡಿ ಸಿಕ್ಕರೆ ಸಾಗಣೆಗೆ ಅದೇ ಮೇಲು. ಬಿಸಿಯನ್ನು ಎಣ್ಣೆ ಹೀರಿಕೊಳ್ಳುತ್ತದೆ, ಕೆಸರು ಒಳಹೋಗುವುದಿಲ್ಲ. ಒಣ ಬ್ರೇಕು ಇರುವ ಗಾಡಿಯಲ್ಲಿ ಆಕ್ಸಲ್ ಸೀಲು ಸೋರಿ ಬ್ರೇಕಿನ ಮೇಲೆ ಎಣ್ಣೆ ಬಿದ್ದಿದ್ದರೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ.

ಈಗ ಎಂಜಿನ್

ತಣ್ಣಗಿರುವಾಗ ನೋಡುವುದು ಮುಖ್ಯ. ನೀವು ಬರುವ ಮುಂಚೆ ಎಂಜಿನ್ ಓಡಿಸಿ ಬಿಸಿ ಮಾಡಿ ಇಟ್ಟರೆ ಸ್ಟಾರ್ಟ್ ಆಗುವ ಕಷ್ಟ ಮರೆಯಾಗುತ್ತದೆ. ಹೋದೊಡನೆ ಎಂಜಿನ್ ಮೈ ಮುಟ್ಟಿ ನೋಡಿ. ಬಿಸಿ ಇದ್ದರೆ ಬೇರೊಂದು ದಿನ ಬೆಳಿಗ್ಗೆ ಬರುವುದಾಗಿ ಹೇಳಿ.

ಸ್ಟಾರ್ಟ್ ಮಾಡಿದಾಗ ಬರುವ ಹೊಗೆಯ ಬಣ್ಣಕ್ಕೆ ಅರ್ಥ ಇದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ: ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಅಥವಾ ಪಂಪ್ ಕೆಟ್ಟಿರಬಹುದು. ಏರಿನಲ್ಲಿ ಭಾರ ಬಿದ್ದಾಗ ಅರೆಗಳಿಗೆ ಕಪ್ಪು ಹೊಗೆ ಬಂದು ಹೋದರೆ ಚಿಂತೆಯಿಲ್ಲ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು ಅಥವಾ ವಾಲ್ವ್ ಸವೆದಿದೆ. ಬೆಳಗಿನ ಚಳಿಯಲ್ಲಿ ಮೊದಲ ಕೆಲವು ನಿಮಿಷ ಬಿಳಿ ಹೊಗೆ ಬರುವುದು ಸಾಮಾನ್ಯ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಆಗ ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಪದರ ಇದೆಯೇ, ಡಿಪ್‌ಸ್ಟಿಕ್ಕಿನ ಆಯಿಲ್ ಬಿಳುಪಾಗಿದೆಯೇ ಎಂದು ನೋಡಿ. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ಬಿಸಿಯಿರುವಾಗ ತೆಗೆಯಬೇಡಿ, ಮುಖ ಸುಟ್ಟೀತು.

ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಸಣ್ಣಗೆ ಗಾಳಿ ಬರುವುದು ಸರಿ. ಹೊಗೆ ಪುಕಪುಕನೆ ಒತ್ತಿ ಬಂದರೆ ಸಿಲಿಂಡರಿನ ಒತ್ತಡ ರಿಂಗುಗಳನ್ನು ದಾಟಿ ಕೆಳಗೆ ನುಗ್ಗುತ್ತಿದೆ, ಎಂಜಿನ್ ಬೋರ್ ಕೆಲಸ (ಸವೆದ ಸಿಲಿಂಡರಿನ ದುರಸ್ತಿ) ಹತ್ತಿರವಾಗಿದೆ. ಇನ್ನೊಂದು ಕಡೆ ತಪ್ಪದೆ ನೋಡಿ: ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಒಳಗೆ ಬೆರಳಾಡಿಸಿ. ಧೂಳು ಸಿಕ್ಕರೆ ಆ ಎಂಜಿನ್ ಇಷ್ಟು ದಿನ ಧೂಳು ನುಂಗುತ್ತಿತ್ತು ಎಂದೇ ಅರ್ಥ. ಆಗ ಹೊರಗಿನ ಹೊಸ ಬಣ್ಣಕ್ಕೆ ಬೆಲೆ ಕೊಡಬೇಕಿಲ್ಲ.

50 ಎಚ್‌ಪಿಗಿಂತ ಹೆಚ್ಚಿನ ಶಕ್ತಿಯ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿ 1ರಿಂದ ಹೊಸ ಹೊಗೆ ನಿಯಮ ಬಂದಿದೆ. ಅಂಥ ಗಾಡಿಗಳಲ್ಲಿ ಡೀಸೆಲ್ ಸಿಂಪಡಿಸುವುದನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಅದನ್ನು ಪರೀಕ್ಷಿಸಲು ಸ್ಕ್ಯಾನರ್ ಇರುವ ಮೆಕ್ಯಾನಿಕ್ ನಿಮ್ಮ ಹತ್ತಿರದಲ್ಲಿ ಇದ್ದಾರೆಯೇ ಎಂದು ಮೊದಲು ತಿಳಿದುಕೊಳ್ಳಿ.

ಟೈರಿನ ವಯಸ್ಸು ಅದರ ಪಕ್ಕದಲ್ಲೇ ಬರೆದಿರುತ್ತದೆ. ನಾಲ್ಕು ಅಂಕಿಯ ಗುರುತಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೇ ವಾರ. ಹೈಡ್ರಾಲಿಕ್ ಲಿಫ್ಟಿಗೆ ಭಾರದ ಉಪಕರಣ ಕಟ್ಟಿ ಎತ್ತಿ ಎಂಜಿನ್ ನಿಲ್ಲಿಸಿದಾಗ ಸರ್ರನೆ ಕೆಳಗೆ ಬೀಳದಿದ್ದರೆ ಸಾಕು.

ಟ್ರೇಲರ್ ಬೇರೆಯೇ ವಾಹನ

ಕಾನೂನಿನ ಕಣ್ಣಿನಲ್ಲಿ ಟ್ರೇಲರ್ ಸ್ವತಂತ್ರ ವಾಹನ. ಅದಕ್ಕೂ ಚಾಸಿ ಸಂಖ್ಯೆ, ನೋಂದಣಿ, ವಿಮೆ ಬೇಕು. ಟ್ರ್ಯಾಕ್ಟರಿನ ಆರ್‌ಸಿ ಕೊಟ್ಟು ‘ಟ್ರೇಲರ್ ಜೊತೆಗೇ ಸೇರಿದೆ’ ಎಂದರೆ ಒಪ್ಪಬೇಡಿ. ಟ್ರೇಲರಿನ ಚಕ್ರ ಎತ್ತಿ ಬೇರಿಂಗ್ ಅಲುಗಾಟ, ಸ್ಪ್ರಿಂಗ್ ಪಟ್ಟಿಗಳ ಬಿರುಕು, ಮುಂದೋಳಿನ ವೆಲ್ಡಿಂಗ್ ನೋಡಿ. ಹಿಂಭಾಗಕ್ಕೆ ಕೆಂಪು ಪ್ರತಿಫಲಕ ಪಟ್ಟಿ ಮತ್ತು ಉರಿಯುವ ದೀಪ ಇರಲೇಬೇಕು. ರಾತ್ರಿ ರಸ್ತೆ ಬದಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಬೈಕ್ ಬಡಿದು ಜೀವ ಹೋಗುವುದು ನಿಲ್ಲಬೇಕು. ಪ್ರತಿಫಲಕ ಪಟ್ಟಿಗೆ ಆಗುವ ಖರ್ಚು ಕೆಲವು ನೂರು ರೂಪಾಯಿ.

ದಾರಿಯ ಬಗ್ಗೆಯೂ ಒಂದು ಮಾತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್‌ಗಳಿಗೆ, ಟ್ರೇಲರ್ ಇದ್ದರೂ ಇಲ್ಲದಿದ್ದರೂ, ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನಿಮ್ಮ ಗದ್ದೆಯಿಂದ ಕಾರ್ಖಾನೆಗೆ ಅಥವಾ ಆಲೆಮನೆಗೆ ಹೋಗುವ ದಾರಿಯಲ್ಲಿ ಎಷ್ಟು ಏರು, ಎಷ್ಟು ತಿರುವು ಬರುತ್ತವೆ ಎಂದು ನೋಡಿಕೊಂಡೇ ಎಚ್‌ಪಿ ಆರಿಸಿಕೊಳ್ಳಿ.

ಕಾಗದಪತ್ರ

ಗಾಡಿ ಚೆನ್ನಾಗಿದ್ದು ಕಾಗದ ಕೆಟ್ಟಿದ್ದರೆ ಹಣ ಹೋದಂತೆಯೇ. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ಸಂಖ್ಯೆಗಳನ್ನು ಗಾಡಿಯ ಮೇಲಿನ ಕೆತ್ತನೆಯ ಜೊತೆ ಒಂದೊಂದೇ ಅಂಕಿ ಹೋಲಿಸಿ. ಕೇಂದ್ರದ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಸಾಲದ ಉಲ್ಲೇಖ, ವಿಮೆಯ ಅವಧಿ ಗೊತ್ತಾಗುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರು ಉಳಿದಿರಬಹುದು. ಅದನ್ನು ತೆಗೆಸಲು ಆ ಸಂಸ್ಥೆಯ ನಿರಾಕ್ಷೇಪಣಾ ಪತ್ರದ ಜೊತೆ ನಮೂನೆ 35 ಬೇಕು. ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣೆ ಬೇಕು.

ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ ಸಿಂಧು. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನಾಲ್ಕು ವರ್ಷದ ಗಾಡಿ ಅಗ್ಗವಾಗಿ ಕಂಡರೆ ನವೀಕರಣದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನಲ್ಲಿ ಸ್ವಂತ ಬೆಳೆ ಸಾಗಿಸುವುದು ಒಂದು, ಬಾಡಿಗೆಗೆ ಬೇರೆಯವರ ಸರಕು ಸಾಗಿಸುವುದು ಇನ್ನೊಂದು. ಎರಡನೆಯದರಲ್ಲಿ ಅಪಘಾತವಾದರೆ ಪಾಲಿಸಿಯ ಷರತ್ತು ಮೀರಲಾಗಿದೆ ಎಂದು ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಬಾಡಿಗೆ ಓಡಿಸುವ ಉದ್ದೇಶ ಇದ್ದರೆ ಮೊದಲೇ ಸಾರಿಗೆ ಕಚೇರಿಯಲ್ಲಿ ಮತ್ತು ವಿಮಾ ಕಂಪನಿಯಲ್ಲಿ ವಿಚಾರಿಸಿ ಅದಕ್ಕೆ ತಕ್ಕ ನೋಂದಣಿ, ಪಾಲಿಸಿ ಮಾಡಿಸಿ.

ಖಾಲಿ ನಮೂನೆಗಳಿಗೆ ಸಹಿ ಹಾಕಿಸಿ ಕೈಗೆ ಕೊಡುವ, ‘ಬೇಕಾದಾಗ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ’ ಎನ್ನುವ ವ್ಯವಹಾರ ಬಹಳ ನಡೆಯುತ್ತದೆ. ಇದು ಮಾರುವವರಿಗೂ ಅಪಾಯ. ಸಾರಿಗೆ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾಯ್ದೆಯ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಕಚೇರಿಗೆ ತಿಳಿಸಬೇಕು.

ಹಣ ಕೊಡುವ ಕ್ರಮವನ್ನೂ ಮೊದಲೇ ಮಾತಾಡಿಕೊಳ್ಳಿ. ಮುಂಗಡ ಕೊಡುವ ಮುನ್ನ ಭಾರ ಹಾಕಿ ಓಡಿಸಿ ನೋಡಬೇಕು. ಒಪ್ಪಿಗೆಯಾದ ಮೇಲೆ ಎಂಜಿನ್, ಚಾಸಿ ಸಂಖ್ಯೆ, ಟ್ರೇಲರಿನ ವಿವರ, ಬೆಲೆ, ದಿನಾಂಕ ಬರೆದ ಕರಾರಿಗೆ ಇಬ್ಬರೂ ಸಾಕ್ಷಿಗಳ ಮುಂದೆ ಸಹಿ ಹಾಕಿ. ದೊಡ್ಡ ಮೊತ್ತವನ್ನು ಬ್ಯಾಂಕ್ ಖಾತೆಗೇ ಹಾಕಿ. ಬೆಲೆಯ ಒಂದು ಪಾಲನ್ನು ಹೊಸ ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಉಳಿಸಿಕೊಂಡು, ಆ ಷರತ್ತನ್ನು ಕರಾರಿನಲ್ಲಿಯೇ ಬರೆಸಿ.